'ರೆಕಗ್ನೈಸ್' ಅನ್ನೋ ಇಂಗ್ಲಿಷ್ ಕ್ರಿಯಾಪದನ ದಿನನಿತ್ಯದ ಮಾತಲ್ಲಿ ಬಳಸೋದು ಹೇಗೆ?

ಸ್ಪೋಕನ್ ಇಂಗ್ಲಿಷ್ ಕಲೀತಿರೋರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. "ನಂಗೆ ನಿಮ್ಮ ಗುರುತು ಸಿಗ್ತಾ ಇಲ್ಲ" ಅನ್ನೋಕೆ 'ಐ ಆಮ್ ನಾಟ್ ರೆಕಗ್ನೈಸಿಂಗ್ ಯು' ಅಂದ್ರೆ ಸರೀನಾ? ಸರಿ ಅಲ್ಲ. ಎದುರಿಗಿರೋರಿಗೆ ಅರ್ಥ ಆಗತ್ತೆ, ಆದ್ರೂ ಸರಿಯಾದ ಇಂಗ್ಲಿಷ್ ಅಲ್ಲ. ಈ ಪದದ ಅರ್ಥ ಗೊತ್ತಿಲ್ಲದೆ ಯಾರೂ ತಪ್ಪು ಮಾಡ್ತಿಲ್ಲ, ಅರ್ಥ ಎಲ್ಲರಿಗೂ ಗೊತ್ತು. ತೊಂದ್ರೆ ಇರೋದು ವಾಕ್ಯ ಕಟ್ಟೋದ್ರಲ್ಲಿ, ಯಾಕಂದ್ರೆ ಕನ್ನಡದಲ್ಲಿ ಗುರುತು ನಮಗೆ "ಸಿಗತ್ತೆ", ಇಂಗ್ಲಿಷಲ್ಲಿ ನಾವೇ ಗುರುತು ಹಿಡೀಬೇಕು. ಇದೊಂದು ತಲೇಲಿ ಕೂತ್ರೆ ಅರ್ಧ ತಪ್ಪುಗಳು ತಾವಾಗೇ ಹೋಗ್ತವೆ.

ನಿಮ್ಮ ಹತ್ರ ಇರ್ಬೇಕಾಗಿರೋದು ಒಂದು ನೋಟ್‌ಬುಕ್ಕು, ಮತ್ತೆ ಉಚ್ಚಾರಣೆ ಕೇಳಿಸೋ ಒಂದು ಡಿಕ್ಷನರಿ. ಕೇಂಬ್ರಿಜ್ ಡಿಕ್ಷನರಿ, ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಎರಡೂ ಆನ್‌ಲೈನಲ್ಲಿ ಫ್ರೀಯಾಗಿ ಸಿಗತ್ತೆ, ಪದದ ಪಕ್ಕ ಇರೋ ಸ್ಪೀಕರ್ ಚಿಹ್ನೆ ಒತ್ತಿದ್ರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಕೇಳ್ಬಹುದು. ಗ್ರಾಮರ್ ಅಂತ ಬಂದ್ರೆ ಸಿಂಪಲ್ ಪ್ರೆಸೆಂಟು, ಸಿಂಪಲ್ ಪಾಸ್ಟು ಗೊತ್ತಿದ್ರೆ ಸಾಕು.

ಹಂತ 1: ಮೊದಲು ಬಾಯಿಗೆ ಬರ್ಲಿ

ಒತ್ತು ಮೊದಲನೇ ಅಕ್ಷರದ ಮೇಲೆ ಬೀಳ್ಬೇಕು: ರೆ-ಕಗ್-ನೈಸ್. ಕೊನೇಲಿ ಬರೋದು ಪೂರ್ತಿ 'ಸ್' ಅಲ್ಲ, 'ಜ಼್' ಥರ ಗುಂಯ್ ಅನ್ನೋ ಶಬ್ದ. ನಮ್ಮಲ್ಲಿ ತುಂಬ ಜನ 'ರಿಕಗ್ನೈಸ್' ಅಂತಾರೆ, ಅದು ಬೇಡ, 'ರೆ' ಅಂತ್ಲೇ ಶುರು ಮಾಡಿ. ಇನ್ನು ಕೆಲವರು ನಡುವಿನ 'ಗ್' ನುಂಗಿ 'ರೆಕನೈಸ್' ಅಂತಾರೆ. ಆ 'ಗ್' ಮರೀಬಾರದು ಅಂದ್ರೆ ಒಂದು ವಿಷಯ ನೆನಪಿಟ್ಕೊಳಿ: ಈ ಪದ ಬಂದಿರೋದು ಲ್ಯಾಟಿನ್ನಿಂದ, 'ಮತ್ತೆ ತಿಳಿ' ಅನ್ನೋ ಅರ್ಥದಿಂದ, ಅದರೊಳಗಿನ 'ಗ್ನ' ಇದ್ಯಲ್ಲ ಅದೂ ಸಂಸ್ಕೃತದ 'ಜ್ಞಾ' ಧಾತುವೂ ಒಂದೇ ಮೂಲದ್ದು. ಹಾಗಾಗಿ 'ಜ್ಞಾನ'ದ 'ಜ್ಞಾ'ಗೆ ಎಷ್ಟು ಬೆಲೆ ಕೊಡ್ತೀರೋ ಈ 'ಗ್ನ'ಗೂ ಅಷ್ಟೇ ಕೊಡಿ.

ಪಾಸ್ಟ್ ಟೆನ್ಸಲ್ಲಿ 'ರೆಕಗ್ನೈಸ್ಡ್', ಕೊನೆಗೆ ಬರೀ 'ಡ್' ಅಷ್ಟೇ. 'ರೆಕಗ್ನೈಸೆಡ್' ಅಂತ ಎಳೀಬೇಡಿ. ಹಿ, ಷಿ, ಇಟ್ ಜೊತೆ ಬಂದಾಗ ಮಾತ್ರ ಒಂದು ಅಕ್ಷರ ಹೆಚ್ಚಾಗತ್ತೆ, 'ರೆಕಗ್ನೈಸಸ್'. ನಾಮಪದ 'ರೆಕಗ್ನಿಷನ್', ಇದರಲ್ಲಿ ಒತ್ತು ಜಾಗ ಬದಲಾಯಿಸಿ 'ನಿ' ಮೇಲೆ ಬರತ್ತೆ.

ಸ್ಪೆಲ್ಲಿಂಗಲ್ಲಿ ಎಸ್ ಹಾಕ್ಬೇಕಾ ಜೆಡ್ ಹಾಕ್ಬೇಕಾ ಅಂತ ತಲೆ ಕೆಡಿಸ್ಕೋಬೇಡಿ, ಎರಡೂ ಸರಿ. ಅಮೆರಿಕದವರು ಜೆಡ್ ಹಾಕ್ತಾರೆ, ಬ್ರಿಟನ್ನಲ್ಲಿ ಎಸ್ ಜಾಸ್ತಿ, ಆದ್ರೆ ಅಲ್ಲೇ ಆಕ್ಸ್‌ಫರ್ಡ್ ಡಿಕ್ಷನರಿಯವರು ಜೆಡ್ ಬಳಸ್ತಾರೆ. ಒಂದೇ ಪತ್ರದಲ್ಲಿ ಎರಡೂ ಕಲಸ್ಬೇಡಿ, ಅಷ್ಟೇ.

ಹಂತ 2: ಯಾವ ಅರ್ಥದಲ್ಲಿ ಹೇಳ್ತಿದ್ದೀರ ಅಂತ ನೋಡ್ಕೊಳಿ

ದಿನನಿತ್ಯದ ಮಾತಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಅರ್ಥ. ಒಂದು, ಮೊದಲೇ ಗೊತ್ತಿರೋ ಮುಖ, ದನಿ, ಜಾಗ, ಹಾಡು ಇದನ್ನ ಮತ್ತೆ ಕಂಡಾಗ ಅಥವಾ ಕೇಳಿದಾಗ "ಓ ಇದು ಅದೇ" ಅಂತ ಹೊಳೆಯೋದು. ಎರಡು, ಒಬ್ಬರ ಕೆಲಸಕ್ಕೆ ಬೆಲೆ ಕೊಡೋದು ಅಥವಾ ಒಂದು ಸಂಸ್ಥೆಗೆ ಮಾನ್ಯತೆ ಕೊಡೋದು. ಮೂರು, ಒಂದು ಸಂಗತಿ ನಿಜ ಅಂತ ಒಪ್ಕೊಳ್ಳೋದು. ನಮ್ಮ 'ಗುರುತಿಸು'ಗೂ ಮೊದಲ ಎರಡು ಅರ್ಥ ಇದೆ, "ಇವರ ಸೇವೆ ಗುರುತಿಸಿ ಪ್ರಶಸ್ತಿ ಕೊಟ್ರು" ಅಂತೀವಲ್ಲ, ಹಾಗಾಗಿ ಅಲ್ಲಿವರೆಗೆ ಕಷ್ಟ ಇಲ್ಲ.

ಮೊದಲನೇ ಅರ್ಥದಲ್ಲಿ ಒಂದು ಷರತ್ತಿದೆ. ಆ ವ್ಯಕ್ತಿ ಅಥವಾ ವಸ್ತುವಿನ ಪರಿಚಯ ನಿಮಗೆ ಮೊದಲೇ ಇರ್ಬೇಕು, ಕಡೇಪಕ್ಷ ಫೋಟೋದಲ್ಲಾದ್ರೂ ನೋಡಿರ್ಬೇಕು. ಪರಿಚಯವೇ ಇಲ್ಲದವರನ್ನ ರೆಕಗ್ನೈಸ್ ಮಾಡೋಕಾಗಲ್ಲ.

ಹಂತ 3: 'ನಂಗೆ' ಬಿಟ್ಟು 'ನಾನು' ಅಂತ ಶುರು ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಸ್ವಲ್ಪ ನಿಧಾನವಾಗಿ ಓದಿ. ಕನ್ನಡದಲ್ಲಿ ನಾವು "ನಂಗೆ ಹಸಿವಾಗಿದೆ, ನಂಗೆ ಗೊತ್ತು, ನಂಗೆ ನೆನಪಿದೆ, ನಂಗೆ ಗುರುತು ಸಿಕ್ತು" ಅಂತೀವಿ. ಎಲ್ಲಾ ಕಡೆ 'ಗೆ' ಇದೆ, ಅಂದ್ರೆ ಚತುರ್ಥಿ ವಿಭಕ್ತಿ. ಆ ಕೆಲಸ ನಾವು ಮಾಡಿದ್ದಲ್ಲ, ಅದಾಗಿ ಅದೇ ನಮಗೆ ಒದಗಿದ್ದು ಅನ್ನೋ ಭಾವ ಅದರಲ್ಲಿದೆ. ಇಂಗ್ಲಿಷಲ್ಲಿ ಈ ನಾಲ್ಕರಲ್ಲೂ 'ಐ' ಅನ್ನೋದೇ ಕರ್ತೃ, ಅಂದ್ರೆ ಕೆಲಸ ಮಾಡೋರು. ಅದಕ್ಕೇ "ನಂಗೆ ನಿಮ್ಮ ಗುರುತು ಸಿಕ್ತು" ಅನ್ನೋದನ್ನ ಮನಸ್ಸಲ್ಲೇ ಒಂದ್ಸಲ "ನಾನು ನಿಮ್ಮನ್ನ ಗುರುತು ಹಿಡಿದೆ" ಅಂತ ತಿರುಗಿಸಿ, ಆಮೇಲೆ ಇಂಗ್ಲಿಷಿಗೆ ತನ್ನಿ: 'ಐ ರೆಕಗ್ನೈಸ್ಡ್ ಯು'.

ಹೀಗೆ ತಿರುಗಿಸದೇ ಹೋದ್ರೆ 'ಐ ಗಾಟ್ ಯುವರ್ ರೆಕಗ್ನಿಷನ್' ಥರದ ವಾಕ್ಯ ಬರತ್ತೆ. ಅದರ ಅರ್ಥವೇ ಬೇರೆ, ನೀವು ನನ್ನ ಕೆಲಸ ಮೆಚ್ಚಿಕೊಂಡ್ರಿ ಅನ್ನೋ ಹಾಗೆ ಕೇಳತ್ತೆ.

ಇನ್ನೊಂದು, ರೆಕಗ್ನೈಸ್ ಆದ ತಕ್ಷಣ ನೇರವಾಗಿ ವ್ಯಕ್ತಿ ಅಥವಾ ವಸ್ತು ಬರ್ಬೇಕು, ನಡುವೆ 'ಟು' ಅಥವಾ 'ಅಬೌಟ್' ಬೇಡ. 'ಐ ರೆಕಗ್ನೈಸ್ಡ್ ಟು ಹಿಮ್' ತಪ್ಪು, 'ಐ ರೆಕಗ್ನೈಸ್ಡ್ ಹಿಮ್' ಸರಿ.

ಹಂತ 4: ಕಾಲ ಸರಿ ಮಾಡ್ಕೊಳಿ

ಮದುವೆ ಮನೇಲಿ ಯಾರೋ ಹತ್ರ ಬಂದು "ಗುರುತು ಸಿಕ್ತಾ?" ಅಂತ ಕೇಳ್ತಾರೆ. ಕನ್ನಡದಲ್ಲಿ ಇದು ಭೂತಕಾಲ, ಆದ್ರೆ ಕೇಳ್ತಿರೋದು ಈಗಿನ ವಿಷಯ. ಇಂಗ್ಲಿಷಲ್ಲಿ ಇದು ವರ್ತಮಾನದಲ್ಲೇ ಬರ್ಬೇಕು: 'ಡೂ ಯು ರೆಕಗ್ನೈಸ್ ಮೀ?' ಇಲ್ಲಿ 'ಡಿಡ್ ಯು ರೆಕಗ್ನೈಸ್ ಮೀ?' ಅಂದ್ರೆ "ಆವತ್ತು ನೋಡಿದಾಗ ಗುರುತು ಸಿಕ್ಕಿತ್ತಾ?" ಅಂತ ಆಗತ್ತೆ, ನಿನ್ನೆ ಬಸ್ ಸ್ಟ್ಯಾಂಡಲ್ಲಿ ದೂರದಿಂದ ಕೈ ಬೀಸಿದ್ದವರು ಇವತ್ತು ಕೇಳೋ ಮಾತದು.

"ಸಿಗ್ತಾ ಇಲ್ಲ" ಅನ್ನೋದ್ರಲ್ಲಿರೋ 'ತಾ ಇದೆ'ನ ನೋಡಿ ನಾವು 'ಇಂಗ್' ಹಾಕ್ಬಿಡ್ತೀವಿ. ಆದ್ರೆ ರೆಕಗ್ನೈಸ್ ಈ ಅರ್ಥದಲ್ಲಿ ಸ್ಟೇಟಿವ್ ವರ್ಬ್, ಅಂದ್ರೆ ಓಡೋದು ತಿನ್ನೋದು ಥರ ಕಣ್ಣಿಗೆ ಕಾಣೋ ಕೆಲಸ ಅಲ್ಲ, ಮನಸ್ಸಿನ ಸ್ಥಿತಿ ಹೇಳೋ ಕ್ರಿಯಾಪದ. 'ನೋ', 'ಬಿಲೀವ್', 'ಅಂಡರ್‌ಸ್ಟ್ಯಾಂಡ್' ಇವೆಲ್ಲ ಇದೇ ಗುಂಪು. ಇವಕ್ಕೆ ಸಾಮಾನ್ಯವಾಗಿ 'ಇಂಗ್' ಹಾಕಲ್ಲ.

ತಪ್ಪು: 'ಐ ಆಮ್ ನಾಟ್ ರೆಕಗ್ನೈಸಿಂಗ್ ಯು.'
ಸರಿ: 'ಸಾರಿ, ಐ ಡೋಂಟ್ ರೆಕಗ್ನೈಸ್ ಯು.'
ಸರಿ: 'ಸಾರಿ, ಐ ಡಿಡಂಟ್ ರೆಕಗ್ನೈಸ್ ಯು.'

ಕೊನೇ ಎರಡಕ್ಕೆ ವ್ಯತ್ಯಾಸ ಇದೆ. 'ಡೋಂಟ್' ಅಂದ್ರೆ ಈಗ್ಲೂ ನೀವ್ಯಾರು ಅಂತ ಗೊತ್ತಾಗಿಲ್ಲ. 'ಡಿಡಂಟ್' ಅಂದ್ರೆ ಮೊದಲು ಗೊತ್ತಾಗ್ಲಿಲ್ಲ, ಈಗ ಗೊತ್ತಾಯ್ತು. ಯಾರಾದ್ರೂ ತಮ್ಮ ಹೆಸರು ಹೇಳಿದ ಮೇಲೂ 'ಐ ಡೋಂಟ್ ರೆಕಗ್ನೈಸ್ ಯು' ಅಂದ್ರೆ ಅವರ ಮನಸ್ಸಿಗೆ ನೋವಾಗತ್ತೆ, ದಯವಿಟ್ಟು ಜೋಪಾನ. ನಿಜವಾಗ್ಲೂ ಗುರುತು ಸಿಗದೇ ಇದ್ದಾಗ, ಅದ್ರಲ್ಲೂ ಹಿರಿಯರ ಎದುರಿಗೆ, 'ಸಾರಿ, ಹ್ಯಾವ್ ವಿ ಮೆಟ್ ಬಿಫೋರ್?' ಅನ್ನೋದು ಅಥವಾ 'ಯು ಲುಕ್ ಫೆಮಿಲಿಯರ್', ಅಂದ್ರೆ ಎಲ್ಲೋ ನೋಡಿದ ಹಾಗಿದೆ, ಅನ್ನೋದು ಎಷ್ಟೋ ಮೃದು.

'ಇಂಗ್' ಬರೋದೇ ಇಲ್ವಾ ಅಂದ್ರೆ ಬರತ್ತೆ, ಎರಡನೇ ಅರ್ಥದಲ್ಲಿ. 'ದ ಕಂಪನಿ ಈಸ್ ರೆಕಗ್ನೈಸಿಂಗ್ ಇಟ್ಸ್ ಬೆಸ್ಟ್ ಟೀಚರ್ಸ್ ಟುಡೇ' ಸರಿಯಾದ ವಾಕ್ಯವೇ, ಯಾಕಂದ್ರೆ ಸನ್ಮಾನ ಮಾಡೋದು ಕಣ್ಣೆದುರು ನಡೆಯೋ ಕೆಲಸ.

'ಕ್ಯಾನ್', 'ಕುಡಂಟ್' ಬಗ್ಗೆ ಕೂಡ ಕೇಳ್ತಾರೆ. "ಗುರುತು ಹಿಡಿಯಕ್ಕೇ ಆಗ್ಲಿಲ್ಲ" ಅಂತ ನಾವು ಹೇಳೋದ್ರಿಂದ 'ಐ ಕುಡಂಟ್ ರೆಕಗ್ನೈಸ್ ಯು' ಅನ್ನೋದು ನಮ್ಮ ಬಾಯಿಗೆ ಮೊದಲು ಬರತ್ತೆ, ಅದೇನೂ ತಪ್ಪಲ್ಲ, ಕತ್ತಲೆ ಇತ್ತು, ಮುಖ ಮುಚ್ಚಿತ್ತು, ಹೀಗೆ ಅಡ್ಡಿ ಇದ್ದಾಗ ಚೆನ್ನಾಗಿ ಹೊಂದತ್ತೆ. ಅಂಥದ್ದೇನೂ ಇಲ್ಲದಿದ್ರೆ ಸುಮ್ನೆ 'ಡಿಡಂಟ್' ಸಾಕು. ತುಂಬ ಬದಲಾಗಿರೋರಿಗೆ 'ಐ ಹಾರ್ಡ್ಲಿ ರೆಕಗ್ನೈಸ್ಡ್ ಯು!' ಅನ್ನಿ, ಗುರುತು ಸಿಗೋದೇ ಕಷ್ಟ ಆಯ್ತು ಅಂತ. 'ಹಾರ್ಡ್ಲಿ'ಯಲ್ಲೇ 'ಇಲ್ಲ' ಇರೋದ್ರಿಂದ ಅದರ ಜೊತೆ 'ಡಿಡಂಟ್' ಸೇರಿಸ್ಬೇಡಿ.

ಹಂತ 5: ಜೊತೆಗೆ ಬರೋ ಸಣ್ಣ ಪದಗಳು

ಯಾವುದರಿಂದ ಗುರುತು ಸಿಕ್ತು ಅಂತ ಹೇಳೋಕೆ 'ಬೈ'. 'ಐ ರೆಕಗ್ನೈಸ್ಡ್ ಹರ್ ಬೈ ಹರ್ ವಾಯ್ಸ್', ದನಿಯಿಂದ ಗುರುತು ಹಿಡಿದೆ. ಮೊದಲು ಎಲ್ಲಿ ನೋಡಿದ್ದು ಅಂತ ಹೇಳೋಕೆ 'ಫ್ರಮ್'. 'ಐ ರೆಕಗ್ನೈಸ್ಡ್ ಹಿಮ್ ಫ್ರಮ್ ದ ವೆಡ್ಡಿಂಗ್ ಫೋಟೋ', ಮದುವೆ ಫೋಟೋದಲ್ಲಿ ನೋಡಿದ್ದೆ, ಅದಕ್ಕೆ ಗುರುತು ಸಿಕ್ತು. ಕನ್ನಡದಲ್ಲಿ ಎರಡಕ್ಕೂ 'ಇಂದ' ಬರೋದ್ರಿಂದ ಗೊಂದಲ ಆಗತ್ತೆ. ನೋಡಿದ ಕ್ಷಣದಲ್ಲಿ ಕಂಡ ಲಕ್ಷಣ ಆದ್ರೆ (ದನಿ, ನಡಿಗೆ, ನಗು) 'ಬೈ', ಹಳೇ ನೆನಪಿನ ಜಾಗ ಆದ್ರೆ (ಫೋಟೋ, ಟಿವಿ, ಸ್ಕೂಲು) 'ಫ್ರಮ್'.

ಇಂಥದ್ದು ಅಂತ ಮಾನ್ಯತೆ ಸಿಕ್ಕಿದ್ರೆ 'ಆಸ್': 'ಕನ್ನಡ ವಾಸ್ ರೆಕಗ್ನೈಸ್ಡ್ ಆಸ್ ಎ ಕ್ಲಾಸಿಕಲ್ ಲ್ಯಾಂಗ್ವೇಜ್ ಇನ್ 2008', ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆ ಸ್ಥಾನಮಾನ ಸಿಕ್ತು. ಯಾವ ಕೆಲಸಕ್ಕಾಗಿ ಅಂತ ಹೇಳೋಕೆ 'ಫಾರ್', ಏನು ಕೊಟ್ಟು ಗೌರವಿಸಿದ್ರು ಅಂತ ಹೇಳೋಕೆ 'ವಿತ್'. ಎರಡೂ ಒಂದೇ ವಾಕ್ಯದಲ್ಲಿ ಬೇಕು ಅಂದ್ರೆ, 'ಸಾಲುಮರದ ತಿಮ್ಮಕ್ಕ ವಾಸ್ ರೆಕಗ್ನೈಸ್ಡ್ ವಿತ್ ದ ಪದ್ಮಶ್ರೀ ಇನ್ 2019 ಫಾರ್ ಪ್ಲಾಂಟಿಂಗ್ ಟ್ರೀಸ್'. ಹುಲಿಕಲ್ ಕುದೂರು ರಸ್ತೆ ಪಕ್ಕ ಆಲದ ಮರ ಬೆಳೆಸಿದ ಆ ತಾಯಿಯ ವಿಷಯ ಇಂಗ್ಲಿಷಲ್ಲಿ ಹೇಳೋಕೆ ನಮ್ಮ ಮಕ್ಕಳಿಗೆ ಬರ್ಬೇಕು ಅಂತ ನಂಗೆ ತುಂಬ ಆಸೆ, ಅದಕ್ಕೇ ಈ ಉದಾಹರಣೆ. ಪೂರ್ತಿ ವಾಕ್ಯವೇ ಮುಂದೆ ಬಂದ್ರೆ 'ದ್ಯಾಟ್' ಹಾಕಿ, ಮೂರನೇ ಅರ್ಥ ಬರೋದು ಹೆಚ್ಚಾಗಿ ಹೀಗೇ: 'ಐ ರೆಕಗ್ನೈಸ್ ದ್ಯಾಟ್ ಇಟ್ ವಾಸ್ ಮೈ ಮಿಸ್ಟೇಕ್', ತಪ್ಪು ನಂದೇ ಅಂತ ಒಪ್ಕೋತೀನಿ.

ನಾಮಪದದಲ್ಲಿ ಎರಡು ರೆಡಿಮೇಡ್ ಪ್ರಯೋಗ ಬಾಯಿಪಾಠ ಮಾಡ್ಕೊಳಿ. ಸನ್ಮಾನ ಪತ್ರಗಳಲ್ಲಿ ಬರೋದು 'ಇನ್ ರೆಕಗ್ನಿಷನ್ ಆಫ್ ಹರ್ ಸರ್ವಿಸ್', ಅವರ ಸೇವೆಯನ್ನ ಗುರುತಿಸಿ. ಇನ್ನೊಂದು 'ಬಿಯಾಂಡ್ ರೆಕಗ್ನಿಷನ್', ಗುರುತೇ ಸಿಗದಷ್ಟು. 'ಬೆಂಗಳೂರು ಹ್ಯಾಸ್ ಚೇಂಜ್ಡ್ ಬಿಯಾಂಡ್ ರೆಕಗ್ನಿಷನ್' ಅಂತ ದಿನಾ ಹೇಳ್ಬಹುದು.

ಹಂತ 6: ಅಕ್ಕಪಕ್ಕದ ಪದಗಳ ಜೊತೆ ಕಲಸ್ಬೇಡಿ

'ರಿಮೆಂಬರ್': ನೆನಪಿರೋದು. ಎದುರಿಗೆ ಏನೂ ಇಲ್ಲದಿದ್ರೂ ರಿಮೆಂಬರ್ ಮಾಡ್ಬಹುದು, ರೆಕಗ್ನೈಸ್ ಮಾಡೋಕೆ ಕಣ್ಣಿಗೋ ಕಿವಿಗೋ ಏನಾದ್ರೂ ಬೀಳ್ಬೇಕು. ಮುಖ ಗುರುತು ಸಿಕ್ಕಿ ಹೆಸರು ಬಾಯಿಗೆ ಬರದೇ ಇರೋ ಸಂಕಟ ಎಲ್ಲರಿಗೂ ಗೊತ್ತಲ್ಲ, ಅದಕ್ಕೆ: 'ಐ ರೆಕಗ್ನೈಸ್ ಯುವರ್ ಫೇಸ್, ಬಟ್ ಐ ಡೋಂಟ್ ರಿಮೆಂಬರ್ ಯುವರ್ ನೇಮ್.'

'ಐಡೆಂಟಿಫೈ': ಇದು ಯಾರು, ಇದು ಏನು ಅಂತ ಖಚಿತವಾಗಿ ಹೇಳೋದು, ಎಷ್ಟೋ ಸಲ ಬೇರೆಯವರ ಮುಂದೆ. ಪೊಲೀಸ್ ಸ್ಟೇಷನ್ನಲ್ಲಿ ಕಳ್ಳನ್ನ ತೋರಿಸೋದು, ಪರೀಕ್ಷೇಲಿ "ನಾಮಪದ ಗುರುತಿಸಿ" ಅನ್ನೋದು, ಎಲೆ ನೋಡಿ ಗಿಡದ ಹೆಸರು ಪತ್ತೆ ಮಾಡೋದು ಇವೆಲ್ಲ ಐಡೆಂಟಿಫೈ. ಮೊದಲೇ ಪರಿಚಯ ಇರ್ಬೇಕು ಅನ್ನೋ ಷರತ್ತು ಇದಕ್ಕಿಲ್ಲ, ಪುಸ್ತಕ ನೋಡಿಕೊಂಡೂ ಐಡೆಂಟಿಫೈ ಮಾಡ್ಬಹುದು.

'ರಿಯಲೈಸ್': ಇದ್ದಕ್ಕಿದ್ದ ಹಾಗೆ ಅರಿವಿಗೆ ಬರೋದು. "ಬೀಗ ಹಾಕಿಲ್ಲ ಅಂತ ಆಮೇಲೆ ಗೊತ್ತಾಯ್ತು" ಅನ್ನೋದಕ್ಕೆ ರಿಯಲೈಸ್ಡ್, ರೆಕಗ್ನೈಸ್ಡ್ ಅಲ್ಲ. ಶಬ್ದ ಹತ್ತಿರ ಇರೋದ್ರಿಂದ ಮಾತಿನ ಭರದಲ್ಲಿ ಅದಲು ಬದಲಾಗತ್ತೆ.

'ನೋಟಿಸ್': ಗಮನಿಸೋದು. "ಅವರು ಬಂದಿದ್ದು ನೋಡ್ಲೇ ಇಲ್ಲ" ಅಂದ್ರೆ 'ಐ ಡಿಡಂಟ್ ನೋಟಿಸ್ ಹಿಮ್'. ನೋಡಿದೆ ಆದ್ರೆ ಯಾರು ಅಂತ ಹೊಳೀಲಿಲ್ಲ ಅಂದ್ರೆ 'ಐ ಡಿಡಂಟ್ ರೆಕಗ್ನೈಸ್ ಹಿಮ್'. ನೆಂಟರ ಹತ್ರ ಕ್ಷಮೆ ಕೇಳುವಾಗ ಇವೆರಡರಲ್ಲಿ ಯಾವ್ದು ನಿಜವೋ ಅದನ್ನೇ ಹೇಳಿ.

ಹಂತ 7: ಅರ್ಜಿ, ರೆಸ್ಯೂಮೆಯಲ್ಲಿ ಬರೆಯುವಾಗ

ಇಲ್ಲಿ ಆಗೋ ತಪ್ಪು ಕೆಲಸಕ್ಕೇ ಕುತ್ತು ತರಬಹುದು, ಹಾಗಾಗಿ ಇದನ್ನ ಬಿಡ್ಬೇಡಿ. "ಸರ್ಕಾರದಿಂದ ಮಾನ್ಯತೆ ಪಡೆದ ಶಾಲೆ" ಅನ್ನೋದನ್ನ 'ರೆಕಗ್ನೈಸ್ಡ್ ಫ್ರಮ್ ಗವರ್ನಮೆಂಟ್' ಅಂತ ಬರೀತಾರೆ, ಮತ್ತೆ ಅದೇ 'ಇಂದ'ದ ಕಾಟ. ಯಾರು ಮಾನ್ಯತೆ ಕೊಟ್ರು ಅಂತ ಹೇಳೋಕೆ ಯಾವಾಗ್ಲೂ 'ಬೈ': 'ರೆಕಗ್ನೈಸ್ಡ್ ಬೈ ದ ಗವರ್ನಮೆಂಟ್ ಆಫ್ ಕರ್ನಾಟಕ'.

ಎರಡನೇದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಎಲ್ಲಕ್ಕೂ ನಾವು 'ಮಾನ್ಯತೆ' ಅಂತೀವಿ, ಇಂಗ್ಲಿಷಲ್ಲಿ ಮೂರು ಬೇರೆ ಬೇರೆ ಪದ ಇದೆ. ರೆಕಗ್ನೈಸ್ಡ್ ಅಂದ್ರೆ ಕಾನೂನು ಪ್ರಕಾರ ಅಧಿಕಾರ ಇರೋರು ಒಪ್ಪಿದ್ದಾರೆ ಅಂತ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಖಾಸಗಿ ಶಾಲೆ ನಡೆಸೋಕೆ ಈ ರೆಕಗ್ನಿಷನ್ ಸರ್ಟಿಫಿಕೇಟ್ ಬೇಕೇ ಬೇಕು. ಅಫಿಲಿಯೇಟೆಡ್ ಅಂದ್ರೆ ಸಂಯೋಜನೆ, ಯಾವ ಬೋರ್ಡು ಅಥವಾ ಯೂನಿವರ್ಸಿಟಿ ಪರೀಕ್ಷೆ ನಡೆಸಿ ಸರ್ಟಿಫಿಕೇಟು, ಡಿಗ್ರಿ ಕೊಡತ್ತೆ ಅನ್ನೋದು. ಅಕ್ರೆಡಿಟೆಡ್ ಅಂದ್ರೆ ಗುಣಮಟ್ಟ ಅಳೆದು ಕೊಟ್ಟ ಮಾನ್ಯತೆ, ಕಾಲೇಜುಗಳಿಗೆ ಇದನ್ನ ಕೊಡೋದು ನ್ಯಾಕ್, 1994ರಲ್ಲಿ ಶುರುವಾದ ಸಂಸ್ಥೆ, ಅದರ ಕೇಂದ್ರ ಕಚೇರಿ ಇರೋದು ನಮ್ಮ ಬೆಂಗಳೂರಲ್ಲೇ. ಒಂದೇ ಶಾಲೆ ಕರ್ನಾಟಕ ಸರ್ಕಾರದಿಂದ ರೆಕಗ್ನೈಸ್ಡ್ ಆಗಿದ್ದು ಸಿಬಿಎಸ್‌ಇಗೆ ಅಫಿಲಿಯೇಟೆಡ್ ಆಗಿರ್ಬಹುದು. ಕಾಲೇಜು ವಿಷಯದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 2(ಎಫ್) ಸೆಕ್ಷನ್ ಅಡಿ ರೆಕಗ್ನೈಸ್ಡ್ ಅಂತ ಪ್ರಾಸ್ಪೆಕ್ಟಸ್ಸಲ್ಲಿ ನೋಡಿರ್ತೀರ. ನಿಮ್ಮ ಸರ್ಟಿಫಿಕೇಟ್ ಮೇಲೆ ಯಾವ ಪದ ಇದ್ಯೋ ರೆಸ್ಯೂಮೆಯಲ್ಲೂ ಅದನ್ನೇ ಬರೀರಿ. ಮತ್ತೆ 'ಅಫಿಲಿಯೇಟೆಡ್' ಆದಮೇಲೆ 'ಬೈ' ಬರಲ್ಲ, 'ಟು' ಬರತ್ತೆ.

ಹಂತ 8: ಫೋನು, ಬ್ಯಾಂಕು

ಬೆರಳು ಒದ್ದೆ ಇದ್ದಾಗ ಫೋನ್ ಲಾಕ್ ತೆಗೆಯಲ್ಲ: 'ಮೈ ಫೋನ್ ಡಸಂಟ್ ರೆಕಗ್ನೈಸ್ ಮೈ ಫಿಂಗರ್‌ಪ್ರಿಂಟ್'. ಪೆನ್‌ಡ್ರೈವ್ ಹಾಕಿದಾಗ ಕಂಪ್ಯೂಟರ್ ತೋರಿಸೋ 'ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್' ಅನ್ನೋ ಮೆಸೇಜೂ ಇದೇ, ಇದೇನು ಅಂತ ನಂಗೆ ಗೊತ್ತಾಗ್ಲಿಲ್ಲ ಅಂತ ಕಂಪ್ಯೂಟರ್ ಹೇಳ್ತಿದೆ. ಕೆಂಪೇಗೌಡ ಏರ್‌ಪೋರ್ಟಲ್ಲಿ 2022ರ ಡಿಸೆಂಬರಿಂದ ಇರೋ ಡಿಜಿಯಾತ್ರ, ಅಂದ್ರೆ ಮುಖ ತೋರಿಸಿ ಒಳಗೆ ಹೋಗೋ ಸೌಲಭ್ಯ, ನಡೆಯೋದು ಫೇಶಿಯಲ್ ರೆಕಗ್ನಿಷನ್ ಮೇಲೆ, ಮುಖ ನೋಡಿ ಯಂತ್ರವೇ ಗುರುತು ಹಿಡಿಯೋ ವ್ಯವಸ್ಥೆ.

ಬ್ಯಾಂಕಿನ ವಾಕ್ಯ ಒಂದನ್ನ ಎಲ್ಲರೂ ಕಲೀಲೇಬೇಕು. ನೀವು ಮಾಡದೇ ಇರೋ ಖರ್ಚು ಸ್ಟೇಟ್‌ಮೆಂಟಲ್ಲಿ ಕಂಡ್ರೆ ಕಸ್ಟಮರ್ ಕೇರಿಗೆ ಹೇಳ್ಬೇಕಾಗಿರೋದು: 'ಐ ಡೋಂಟ್ ರೆಕಗ್ನೈಸ್ ದಿಸ್ ಟ್ರಾನ್ಸಾಕ್ಷನ್. ಪ್ಲೀಸ್ ಬ್ಲಾಕ್ ಮೈ ಕಾರ್ಡ್.' ಇಲ್ಲಿ 'ಐ ಡೋಂಟ್ ರಿಮೆಂಬರ್' ಅನ್ಬೇಡಿ, ಅದು ಮಾಡಿದ್ದು ಮರೆತಿರ್ಬಹುದು ಅನ್ನೋ ಅರ್ಥ ಕೊಡತ್ತೆ, ದೂರಿನ ಬಲ ಕಮ್ಮಿ ಆಗತ್ತೆ. ಮೋಸ ಆಗಿದೆ ಅನ್ನಿಸಿದ್ರೆ ಬ್ಯಾಂಕಿನ ಜೊತೆಗೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡೋಕೆ ಹಿಂಜರೀಬೇಡಿ.

ಗೊತ್ತಿಲ್ಲದ ನಂಬರಿಂದ ಕರೆ ಬಂದಾಗ 'ಐ ಡೋಂಟ್ ರೆಕಗ್ನೈಸ್ ದಿಸ್ ನಂಬರ್'. ಗೆಳೆಯನೇ ಹೊಸ ನಂಬರಿಂದ ಮಾಡಿದ್ರೆ 'ಸಾರಿ, ಐ ಡಿಡಂಟ್ ರೆಕಗ್ನೈಸ್ ಯುವರ್ ವಾಯ್ಸ್'.

ಹಂತ 9: ಅಭ್ಯಾಸ

ಬರೀ ಓದಿದ್ರೆ ಬರಲ್ಲ, ಬಾಯಲ್ಲಿ ಗಟ್ಟಿಯಾಗಿ ಹೇಳ್ಬೇಕು. ಕೆಳಗಿನ ಐದು ವಾಕ್ಯಾನ ಉತ್ತರ ನೋಡದೆ ನೋಟ್‌ಬುಕ್ಕಲ್ಲಿ ಇಂಗ್ಲಿಷಿಗೆ ತನ್ನಿ. ಐದರಲ್ಲೂ ರೆಕಗ್ನೈಸೇ ಬರತ್ತೆ ಅಂದ್ಕೋಬೇಡಿ.

1. ಮಾಸ್ಕ್ ಹಾಕ್ಕೊಂಡಿದ್ರಲ್ಲ, ಗುರುತೇ ಸಿಗ್ಲಿಲ್ಲ.
2. ನಮ್ಮ ನಾಯಿ ಅಪ್ಪನ್ನ ಸ್ಕೂಟರ್ ಸೌಂಡಲ್ಲೇ ಗುರುತು ಹಿಡಿಯತ್ತೆ.
3. ಈ ಕಾಲೇಜು ಯಾವ ಯೂನಿವರ್ಸಿಟಿಗೆ ಸೇರಿದ್ದು?
4. ಆಕೆ ಕೆಲಸಕ್ಕೆ ಬೆಲೆ ಸಿಕ್ಕಿದ್ದು ರಿಟೈರ್ ಆದ್ಮೇಲೇ.
5. ಪರ್ಸ್ ಮರೆತು ಬಂದಿದ್ದು ಬಸ್ ಹತ್ತಿದ್ಮೇಲೆ ಗೊತ್ತಾಯ್ತು.

ಉತ್ತರಗಳು:

1. 'ಯು ವರ್ ವೇರಿಂಗ್ ಎ ಮಾಸ್ಕ್, ಸೋ ಐ ಡಿಡಂಟ್ ರೆಕಗ್ನೈಸ್ ಯು.' ಅಡ್ಡಿ ಇದ್ದಿದ್ರಿಂದ 'ಕುಡಂಟ್' ಕೂಡ ಸರಿ.
2. 'ಅವರ್ ಡಾಗ್ ರೆಕಗ್ನೈಸಸ್ ಮೈ ಫಾದರ್ ಬೈ ದ ಸೌಂಡ್ ಆಫ್ ಹಿಸ್ ಸ್ಕೂಟರ್.' ಕೊನೇ 'ಸಸ್' ಬಿಟ್ಟಿಲ್ಲ ತಾನೇ?
3. 'ವಿಚ್ ಯೂನಿವರ್ಸಿಟಿ ಈಸ್ ದಿಸ್ ಕಾಲೇಜ್ ಅಫಿಲಿಯೇಟೆಡ್ ಟು?'
4. 'ಹರ್ ವರ್ಕ್ ವಾಸ್ ರೆಕಗ್ನೈಸ್ಡ್ ಓನ್ಲಿ ಆಫ್ಟರ್ ಷಿ ರಿಟೈರ್ಡ್.' ಇಲ್ಲಿ ಯಾರು ಬೆಲೆ ಕೊಟ್ರು ಅಂತ ಹೇಳಿಲ್ಲ, ಹಾಗಾಗಿ ಪ್ಯಾಸಿವ್, ಅಂದ್ರೆ ಕರ್ಮಣಿ ಪ್ರಯೋಗ.
5. 'ಐ ರಿಯಲೈಸ್ಡ್ ಐ ಹ್ಯಾಡ್ ಫರ್ಗಾಟನ್ ಮೈ ಪರ್ಸ್ ಓನ್ಲಿ ಆಫ್ಟರ್ ಐ ಗಾಟ್ ಆನ್ ದ ಬಸ್.' ಇಲ್ಲಿ ರೆಕಗ್ನೈಸ್ಡ್ ಅಂತ ಬರೆದಿದ್ರೆ ಹಂತ 6ಕ್ಕೆ ವಾಪಸ್ ಹೋಗಿ ರಿಯಲೈಸ್ ಇರೋ ಪ್ಯಾರಾ ಇನ್ನೊಂದ್ಸಲ ಓದಿ.